ಮನೆಯ ಕ್ಲೀನರ್ ಕಾರಿನ ಪೇಂಟ್‌ಗೆ ಆಗುತ್ತದೆಯೇ? ಪರೀಕ್ಷಿಸಿ, ಹೋಲಿಸಿ, ಆರಿಸುವ ಬಗೆ

ಪಾತ್ರೆ ತೊಳೆಯುವ ಲಿಕ್ವಿಡ್ ತಾಗಿದರೆ ಕಾರಿನ ಪೇಂಟ್ ಹೋಯಿತೆಂದೇ ಲೆಕ್ಕ ಎನ್ನುವವರಿದ್ದಾರೆ. ವರ್ಷಗಟ್ಟಲೆ ಅದರಲ್ಲೇ ತೊಳೆದರೂ ಏನೂ ಆಗಿಲ್ಲ ಎನ್ನುವವರೂ ಇದ್ದಾರೆ. ಇಬ್ಬರೂ ಸುಳ್ಳು ಹೇಳುತ್ತಿಲ್ಲ. ಒಬ್ಬರು ಕಂಡದ್ದು ಮೇಲಿನ ವ್ಯಾಕ್ಸ್ ಹೋದದ್ದನ್ನು, ಇನ್ನೊಬ್ಬರು ಕಂಡದ್ದು ಅದರ ಕೆಳಗಿನ ಪೇಂಟ್ ಉಳಿದದ್ದನ್ನು. ವ್ಯಾಕ್ಸ್ ಹೋಗುವುದು, ಕಲೆ ಕೂರುವುದು, ಪೇಂಟ್ ಮೆತ್ತಗಾಗುವುದು, ಮೇಲ್ಮೈ ರಾಸಾಯನಿಕವಾಗಿ ಸವೆದು ಗುಳಿ ಬೀಳುವುದು, ಉಜ್ಜಿದ್ದರಿಂದ ಗೀರಾಗುವುದು, ಇವು ಐದೂ ಬೇರೆ ಬೇರೆ. ಒಂದೊಂದಕ್ಕೂ ಕಾರಣ ಬೇರೆ, ರಿಪೇರಿಯೂ ಬೇರೆ. ಇವನ್ನು ಬಿಡಿಸಿ ನೋಡದ ಪರೀಕ್ಷೆಯಿಂದ ಉತ್ತರ ಸಿಗುವುದಿಲ್ಲ, ಜಗಳ ಮಾತ್ರ ಸಿಗುತ್ತದೆ.

ಇನ್ನೊಂದು ತಪ್ಪು ದಾರಿ ಎಂದರೆ ಪಿಎಚ್ ಅಂಕಿಯೊಂದನ್ನೇ (7ಕ್ಕಿಂತ ಕಡಿಮೆಯಾದರೆ ಆಮ್ಲ, ಹೆಚ್ಚಾದರೆ ಕ್ಷಾರ) ನೋಡಿ ತೀರ್ಮಾನಿಸುವುದು. ವಿನೆಗರ್ ಮತ್ತು ನಿಂಬೆರಸದ ಪಿಎಚ್ ಹೆಚ್ಚುಕಮ್ಮಿ ಒಂದೇ, ಎರಡೂ 2 ಮತ್ತು 3ರ ನಡುವೆ. ಆದರೆ ಬಿಸಿಲಿನಲ್ಲಿ ಬಾನೆಟ್ ಮೇಲೆ ಒಣಗಿದಾಗ ಎರಡೂ ನಡೆದುಕೊಳ್ಳುವ ರೀತಿಯೇ ಬೇರೆ. ವಿನೆಗರ್‌ನ ಅಸಿಟಿಕ್ ಆಮ್ಲ ನೀರಿನ ಜೊತೆಗೇ ಆವಿಯಾಗಿ ಹೋಗುತ್ತದೆ. ನಿಂಬೆಯ ಸಿಟ್ರಿಕ್ ಆಮ್ಲ ಆವಿಯಾಗುವುದಿಲ್ಲ. ನೀರು ಕಡಿಮೆಯಾದಷ್ಟೂ ಗಟ್ಟಿಯಾಗುತ್ತ, ಹಣ್ಣಿನ ಸಕ್ಕರೆಯ ಜೊತೆ ಅಂಟಾಗಿ ಅಲ್ಲೇ ಕೂರುತ್ತದೆ. ಆದ್ದರಿಂದ ಯಾವ ಕ್ಲೀನರ್ ಆದರೂ ಕೇಳಬೇಕಾದ ಪ್ರಶ್ನೆ ನಾಲ್ಕು: ಎಷ್ಟು ಹೊತ್ತು ನಿಲ್ಲುತ್ತದೆ, ಲೋಹ ಎಷ್ಟು ಬಿಸಿಯಾಗಿದೆ, ನೀರು ಆರಿದ ಮೇಲೆ ಏನು ಉಳಿಯುತ್ತದೆ, ಯಾವುದರಿಂದ ಉಜ್ಜುತ್ತೀರಿ. ಪಿಎಚ್ ಇವುಗಳ ನಂತರ.

ಮೊದಲು ನಿಮ್ಮ ಪೇಂಟ್ ಯಾವುದೆಂದು ತಿಳಿಯಿರಿ

ಈಗಿನ ಬಹುತೇಕ ಕಾರುಗಳಲ್ಲಿ ತಗಡಿನ ಮೇಲೆ ತುಕ್ಕು ತಡೆಯುವ ಇ-ಕೋಟ್, ಅದರ ಮೇಲೆ ಪ್ರೈಮರ್, ಆಮೇಲೆ ಬಣ್ಣದ ಬೇಸ್‌ಕೋಟ್, ಎಲ್ಲಕ್ಕಿಂತ ಮೇಲೆ ಬಣ್ಣವಿಲ್ಲದ ಕ್ಲಿಯರ್‌ಕೋಟ್ ಇರುತ್ತದೆ. ಎಲ್ಲ ಸೇರಿ ಸಾಮಾನ್ಯವಾಗಿ 100ರಿಂದ 150 ಮೈಕ್ರಾನ್. ಅದರಲ್ಲಿ ಕ್ಲಿಯರ್‌ಕೋಟ್ ಪಾಲು 35ರಿಂದ 50 ಮೈಕ್ರಾನ್, ಅಂದರೆ ಒಂದು ಹಾಳೆಯ ಅರ್ಧದಷ್ಟು ದಪ್ಪ. ಫ್ಯಾಕ್ಟರಿಯಲ್ಲಿ ಬೇಯಿಸಿದ ಈ ಪದರದ ಅಣುಗಳು ಒಂದಕ್ಕೊಂದು ಹೆಣೆದುಕೊಂಡಿರುವುದರಿಂದ ಮನೆಯ ಹೆಚ್ಚಿನ ಸಾಮಗ್ರಿಗಳನ್ನು ಸ್ವಲ್ಪ ಹೊತ್ತು ತಡೆದುಕೊಳ್ಳುತ್ತದೆ. ಅದರಲ್ಲೂ ಭೇದವಿದೆ. ಮೆಲಮೈನ್ ಸೇರಿಸಿ ಬೇಯಿಸಿದ ಕ್ಲಿಯರ್‌ಕೋಟ್ ಆಮ್ಲಕ್ಕೆ ಬೇಗ ಸೋಲುತ್ತದೆ. ಪಾಲಿಯುರೆಥೇನ್ ಬಗೆಯದು ಆಮ್ಲಕ್ಕೆ ಅದಕ್ಕಿಂತ ಗಟ್ಟಿ. ಹೊರಗಿನಿಂದ ನೋಡಿ ಇವೆರಡನ್ನು ಗುರುತಿಸಲಾಗದು. ಒಬ್ಬರ ಕಾರಿನ ಫಲಿತಾಂಶ ಇನ್ನೊಬ್ಬರ ಕಾರಿಗೆ ಹೊಂದದಿರಲು ಇದೂ ಒಂದು ಕಾರಣ.

ಕ್ಲಿಯರ್‌ಕೋಟ್ ಇಲ್ಲದ ಸಿಂಗಲ್ ಸ್ಟೇಜ್ ಪೇಂಟ್ ಹಳೆಯ ಕಾರುಗಳಲ್ಲಿ, ಕೆಲವು ಸಾದಾ ಬಿಳಿ ಮತ್ತು ಕೆಂಪು ಬಣ್ಣಗಳಲ್ಲಿ ಸಿಗುತ್ತದೆ. ಗುರುತಿಸುವುದು ಸುಲಭ. ಕಣ್ಣಿಗೆ ಬೀಳದ ಜಾಗದಲ್ಲಿ ಸ್ವಲ್ಪ ಪಾಲಿಶ್ ಹಾಕಿ ಬಿಳಿ ಬಟ್ಟೆಯಿಂದ ಉಜ್ಜಿ. ಬಟ್ಟೆಗೆ ಕಾರಿನ ಬಣ್ಣ ಹತ್ತಿದರೆ ಸಿಂಗಲ್ ಸ್ಟೇಜ್. ಇದರಲ್ಲಿ ಬಣ್ಣದ ಪುಡಿ ಮೇಲ್ಮೈಯಲ್ಲೇ ಇರುವುದರಿಂದ ಪ್ರಬಲ ಕ್ಷಾರ ತಾಗಿದರೆ ಹೊಳಪು ಬೇಗ ಇಳಿಯುತ್ತದೆ.

ಗೀರು ಮುಚ್ಚಲು ಸ್ಪ್ರೇ ಡಬ್ಬಿಯಿಂದ ಹೊಡೆದ ಪೇಂಟ್ ಇನ್ನೊಂದು ಜಾತಿ. ಹಾರ್ಡನರ್ (ಪೇಂಟನ್ನು ಗಟ್ಟಿಯಾಗಿಸುವ ರಾಸಾಯನಿಕ) ಬೆರೆಸದ ಈ ಬಗೆಯ ಪೇಂಟ್ ಒಣಗುವುದು ದ್ರಾವಕ ಆರಿದ್ದರಿಂದ ಮಾತ್ರ. ಹೊಸದಾಗಿ ದ್ರಾವಕ ತಾಗಿದರೆ ಮತ್ತೆ ಕರಗುತ್ತದೆ. ಉಗುರುಬಣ್ಣ ತೆಗೆಯಲು ಬಳಸುವ ಅಸಿಟೋನ್ ಮುಟ್ಟಿಸಿದರೆ ಕೆಲವೇ ಸೆಕೆಂಡಿನಲ್ಲಿ ಬಟ್ಟೆಗೆ ಬಣ್ಣ ಬರುತ್ತದೆ. ಹಾರ್ಡನರ್ ಬೆರೆಸಿ ಗ್ಯಾರೇಜ್‌ನಲ್ಲಿ ಮಾಡಿಸಿದ ಪೇಂಟ್ ಕೂಡ ಪೂರ್ತಿ ಗಟ್ಟಿಯಾಗಲು ಕನಿಷ್ಠ 30 ದಿನ ಬೇಕು. ಅಲ್ಲಿಯವರೆಗೆ ನೀರು ಮತ್ತು ಸೌಮ್ಯವಾದ ಕಾರ್ ಶಾಂಪೂ ಬಿಟ್ಟು ಬೇರೇನೂ ಬೇಡ, ಪರೀಕ್ಷೆಯೂ ಬೇಡ.

ಪರೀಕ್ಷೆ ಎಲ್ಲಿ ಮಾಡುವುದು

ದಾರಿ ಮೂರು. ಗುಜರಿಯಿಂದ ತಂದ ಫ್ಯಾಕ್ಟರಿ ಪೇಂಟಿನ ಬಾಗಿಲು ಅಥವಾ ಬಾನೆಟ್ ತುಂಡು ಎಲ್ಲಕ್ಕಿಂತ ಒಳ್ಳೆಯದು. ಇಲ್ಲಿ ಹಾಳುಮಾಡುವ ಸ್ವಾತಂತ್ರ್ಯವಿದೆ, ಯಾವ ಹಂತದಲ್ಲಿ ಹಾಳಾಗುತ್ತದೆ ಎಂಬುದನ್ನು ಕೊನೆಯವರೆಗೂ ನೋಡಬಹುದು. ಹಾನಿಯೇ ಕಾಣದ ಪರೀಕ್ಷೆಯಿಂದ ಕಲಿಯುವುದು ಕಡಿಮೆ. ಎರಡನೆಯದು ನಿಮ್ಮದೇ ಕಾರಿನ ಮರೆಯ ಜಾಗ: ಪೆಟ್ರೋಲ್ ಮುಚ್ಚಳದ ಒಳಬದಿ, ಬಾಗಿಲಿನ ಅಂಚು, ಬಂಪರಿನ ಕೆಳತುದಿ. ಇದು ನಿಜವಾದ ನಿಮ್ಮ ಪೇಂಟ್ ಎಂಬುದು ಲಾಭ. ಆದರೆ ಬಾಗಿಲಿನ ಒಳ ಅಂಚಿಗೆ ಬಿಸಿಲು ಬಿದ್ದಿರುವುದಿಲ್ಲ. ವರ್ಷಗಟ್ಟಲೆ ಬಿಸಿಲು ತಿಂದ ಬಾನೆಟ್‌ಗಿಂತ ಅಲ್ಲಿನ ಕ್ಲಿಯರ್‌ಕೋಟ್ ಗಟ್ಟಿಯಾಗಿರುತ್ತದೆ. ಅಲ್ಲಿ ಪಾಸಾದದ್ದು ಬಾನೆಟ್ ಮೇಲೆ ಫೇಲಾಗಬಹುದು. ಮೂರನೆಯದು ತಗಡಿಗೆ ಸ್ಪ್ರೇ ಡಬ್ಬಿಯಿಂದ ಪೇಂಟ್ ಹೊಡೆದು ಮಾಡಿದ ಮಾದರಿ. ಇದನ್ನು ಕೈಬಿಡಿ. ಆ ಪೇಂಟ್ ದ್ರಾವಕಗಳೆದುರು ಬೇಗ ಕರಗಿ, ಎಲ್ಲವೂ ಅಪಾಯಕಾರಿ ಎಂಬ ಸುಳ್ಳು ಉತ್ತರ ಕೊಡುತ್ತದೆ.

ಗುಜರಿ ತುಂಡಿನಲ್ಲಿ ಪ್ರಯೋಗ ಮಾಡಿ ಎರಡು ಮೂರು ಕ್ಲೀನರ್ ಆರಿಸಿಕೊಂಡು, ಕೊನೆಗೆ ಸ್ವಂತ ಕಾರಿನ ಮರೆಯ ಜಾಗದಲ್ಲಿ ಖಚಿತಪಡಿಸಿಕೊಳ್ಳುವುದೇ ನಮ್ಮ ಸಲಹೆ. ಬಂಪರಿಗೆ ಮಾತ್ರ ಪರೀಕ್ಷೆ ಬೇರೆಯೇ ಇರಲಿ. ಪ್ಲಾಸ್ಟಿಕ್ ಬಾಗುತ್ತದೆಂದು ಅದರ ಪೇಂಟನ್ನೂ ಬಾಗುವಂತೆ ಮೆತ್ತಗೆ ಮಾಡಿರುತ್ತಾರೆ, ದ್ರಾವಕಗಳಿಗೆ ಅದು ಬೇಗ ಸೋಲುತ್ತದೆ.

ಹನಿ ಪರೀಕ್ಷೆ

ಪ್ರಯೋಗಾಲಯಗಳಲ್ಲಿ ಇದೇ ಕೆಲಸಕ್ಕೆ ನಿಗದಿಯಾದ ವಿಧಾನಗಳಿವೆ. ಎಎಸ್‌ಟಿಎಂ ಡಿ 1308 ಎಂಬುದು ಮನೆಬಳಕೆಯ ರಾಸಾಯನಿಕಗಳು ಪೇಂಟ್ ಮೇಲೆ ಮಾಡುವ ಪರಿಣಾಮಕ್ಕೆಂದೇ ಇರುವುದು. ಐಎಸ್‌ಒ 2812 ದ್ರವಗಳನ್ನು ಪೇಂಟ್ ಎಷ್ಟು ತಡೆಯುತ್ತದೆ ಎಂದು ನೋಡುವುದು. ಅದರ 5ನೇ ಭಾಗದಲ್ಲಿ ಒಂದೇ ತಗಡನ್ನು ಒಂದು ತುದಿಯಿಂದ ಇನ್ನೊಂದು ತುದಿಗೆ ಏರುವ ಉಷ್ಣತೆಯಲ್ಲಿ ಬಿಸಿಮಾಡಿ, ಯಾವ ಉಷ್ಣತೆಗೆ ಕಲೆ ಶುರುವಾಗುತ್ತದೆ ಎಂದು ನೋಡುತ್ತಾರೆ. ಕಾರ್ ಪೇಂಟಿಗೆ ಆ ಪರೀಕ್ಷೆ ಮಾಡುವಾಗ ಹಕ್ಕಿ ಹಿಕ್ಕೆಯ ಬದಲು ಪ್ಯಾಂಕ್ರಿಯಾಟಿನ್ ಎಂಬ ಜೀರ್ಣಕಿಣ್ವದ ಮಿಶ್ರಣ ಬಳಸುತ್ತಾರೆ. ಮನೆಯಲ್ಲಿ ಇಷ್ಟೆಲ್ಲ ಬೇಡ. ಮೂಲ ತತ್ವ ಎರವಲು ಪಡೆದರೆ ಸಾಕು. ಒಂದು ಹನಿ ಮುಚ್ಚಿಟ್ಟು, ಒಂದು ಹನಿ ತೆರೆದಿಟ್ಟು, ಪಕ್ಕದಲ್ಲಿ ಬರೀ ನೀರನ್ನೂ ಇಟ್ಟು ಹೋಲಿಸುವುದು.

30 ಸೆಂ.ಮೀ. ಉದ್ದಗಲದ ಸಮತಟ್ಟು ಜಾಗ ಆರಿಸಿ. ಕಾರ್ ಶಾಂಪೂ ಹಾಕಿ ತೊಳೆದು, ಒಣಗಿದ ಮೇಲೆ 15 ಪ್ರತಿಶತ ಐಸೊಪ್ರೊಪೈಲ್ ಆಲ್ಕೋಹಾಲ್ ಬೆರೆಸಿದ ನೀರಿನಿಂದ ಒರೆಸಿ. ಇದನ್ನು ಬಿಡಬೇಡಿ. ಪಾಲಿಶ್‌ನಲ್ಲಿರುವ ಎಣ್ಣೆ ಹಳೆಯ ಗೀರುಗಳಲ್ಲಿ ತುಂಬಿಕೊಂಡು ಅವನ್ನು ಮರೆಮಾಡಿರುತ್ತದೆ. ಕ್ಲೀನರ್ ಆ ಎಣ್ಣೆ ತೆಗೆದಾಗ ಹಳೆಯ ಗೀರು ಎದ್ದು ಕಾಣುತ್ತದೆ, ಪಾಪ ಕ್ಲೀನರ್ ಬೈಸಿಕೊಳ್ಳುತ್ತದೆ. ಒರೆಸಿದ ಮೇಲೆ ಒಂದು ಫೋಟೊ ತೆಗೆಯಿರಿ; ಫೋನನ್ನು ಸ್ಟ್ಯಾಂಡ್‌ಗೆ ಕಟ್ಟಿ, ಎಕ್ಸ್‌ಪೋಶರ್ ಲಾಕ್ ಮಾಡಿ, ದೀಪದ ಜಾಗ ಬದಲಿಸದಿದ್ದರೆ ಮಾತ್ರ ಮುಂದಿನ ಫೋಟೊ ಜೊತೆ ಹೋಲಿಸಲಾದೀತು.

5 ಸೆಂ.ಮೀ. ಚೌಕಗಳಾಗಿ ಮಾಸ್ಕಿಂಗ್ ಟೇಪಿನಿಂದ ಗೆರೆ ಹಾಕಿದರೆ 36 ಚೌಕ ಸಿಗುತ್ತವೆ. ಐದು ಕ್ಲೀನರ್ ಮತ್ತು ಬರೀ ನೀರು, ಒಟ್ಟು ಆರು. ಒಂದೊಂದಕ್ಕೂ ಮುಚ್ಚಿದ ಮೂರು, ತೆರೆದ ಮೂರು ಚೌಕ. ಸಮಯ 5 ನಿಮಿಷ, 30 ನಿಮಿಷ, 2 ಗಂಟೆ. ಪ್ರತಿ ಚೌಕದ ನಡುವೆ 10 ಹನಿ, ಅಂದರೆ ಸುಮಾರು ಅರ್ಧ ಮಿಲಿ. ಹನಿ ಟೇಪ್ ಮುಟ್ಟಬಾರದು. ಟೇಪಿನ ಅಡಿಗೆ ನುಸುಳಿದ ದ್ರವ ಎಲ್ಲಿಯವರೆಗೆ ಹೋಯಿತೆಂದು ತಿಳಿಯುವುದಿಲ್ಲ, ಜೊತೆಗೆ ಟೇಪಿನ ಅಂಟು ಕರಗಿ ಸುಳ್ಳು ಕಲೆ ಕೂರುತ್ತದೆ. ಮುಚ್ಚಲು ಗಾಜಿನ ಪುಟ್ಟ ಬಟ್ಟಲು ಬಳಸಿ. ಪ್ಲಾಸ್ಟಿಕ್ ಮುಚ್ಚಳ ಬೇಡ, ಅಸಿಟೋನ್‌ಗೆ ಮುಚ್ಚಳವೇ ಕರಗಿ ಪೇಂಟಿಗೆ ಅಂಟಬಹುದು. ಆಲ್ಕೋಹಾಲ್, ಸೀಮೆಎಣ್ಣೆಯಂಥವು ಹನಿಯಾಗಿ ನಿಲ್ಲದೆ ಹರಡುತ್ತವೆ. ಅವುಗಳಿಗೆ 2 ಸೆಂ.ಮೀ. ಅಗಲದ ಹತ್ತಿಯ ಬಿಲ್ಲೆ ನೆನೆಸಿಟ್ಟು ಮುಚ್ಚಿ.

ಮುಚ್ಚಿದ ಹನಿ ಹೇಳುವುದು ದ್ರವಕ್ಕೆ ಪೇಂಟನ್ನು ಮೆತ್ತಗಾಗಿಸುವ ಶಕ್ತಿ ಇದೆಯೇ ಎಂದು. ತೆರೆದ ಹನಿ ಹೇಳುವುದು ಆರಿದ ಮೇಲೆ ಉಳಿದದ್ದು ಏನು ಮಾಡುತ್ತದೆ ಎಂದು. ಹನಿ ಆರುವಾಗ ಒಳಗಿನ ದ್ರವ ಅಂಚಿನ ಕಡೆ ಹರಿದು ಅಲ್ಲೇ ಗಟ್ಟಿಯಾಗುತ್ತದೆ, ಚೆಲ್ಲಿದ ಕಾಫಿ ಹನಿ ಒಣಗಿದ ಕಡೆ ಉಂಗುರ ಮೂಡುವ ಹಾಗೆ. ಹಾಗಾಗಿ ತೆರೆದ ಚೌಕದಲ್ಲಿ ನಡುವೆ ನೋಡಬೇಡಿ, ಅಂಚನ್ನು ನೋಡಿ. ಬಳಸುವ ಪ್ರಮಾಣಕ್ಕೆ ನೀರು ಬೆರೆಸಿದ್ದನ್ನೂ, ಬಾಟಲಿಯಲ್ಲಿದ್ದ ಹಾಗೆಯೇ ಇರುವುದನ್ನೂ ಬೇರೆ ಬೇರೆ ಪರೀಕ್ಷಿಸಿ. ಬಕೆಟ್‌ಗೆ ಬೆರೆಸಿದ್ದು ಸುರಕ್ಷಿತವಾದರೂ, ಬಾನೆಟ್ ಮೇಲೆ ನೇರ ಸುರಿದದ್ದು ಹಾಗಿರಬೇಕೆಂದಿಲ್ಲ.

ನೆರಳಿನ ಪರೀಕ್ಷೆ ಮುಗಿದ ಮೇಲೆ ಬಿಸಿಯದು. ಕಪ್ಪು ಕಾರಿನ ಬಾನೆಟ್ ಕಡು ಬಿಸಿಲಿನಲ್ಲಿ 70 ಡಿಗ್ರಿ ಸೆಲ್ಸಿಯಸ್ ಮುಟ್ಟುತ್ತದೆ. ರಾಸಾಯನಿಕ ಕ್ರಿಯೆಯ ವೇಗ 10 ಡಿಗ್ರಿಗೆ ಸುಮಾರು ಎರಡು ಪಟ್ಟು ಎಂಬ ಒರಟು ಲೆಕ್ಕ ಹಿಡಿದರೂ 30 ಡಿಗ್ರಿಗಿಂತ 70 ಡಿಗ್ರಿಯಲ್ಲಿ ಹದಿನಾರು ಪಟ್ಟು. ತಗಡನ್ನು ಬಿಸಿಲಿಗಿಟ್ಟು ಇನ್‌ಫ್ರಾರೆಡ್ ಥರ್ಮಾಮೀಟರ್‌ನಿಂದ 60 ಡಿಗ್ರಿ ಆಯಿತೆಂದು ನೋಡಿಕೊಂಡು ಹೊಸ ಚೌಕಗಳಲ್ಲಿ ಹನಿ ಹಾಕಿ. ಈ ಥರ್ಮಾಮೀಟರ್ ಪೇಂಟ್ ಮೇಲೆ ಸರಿಯಾಗಿ ತೋರಿಸುತ್ತದೆ. ಕ್ರೋಮ್ ಅಥವಾ ಬರಿ ಲೋಹದ ಮೇಲೆ ತಪ್ಪು ತೋರಿಸುತ್ತದೆ. ಅಸಿಟೋನ್, ಆಲ್ಕೋಹಾಲ್, ಸೀಮೆಎಣ್ಣೆಯನ್ನು ಬಿಸಿ ತಗಡಿನ ಮೇಲೆ ಪರೀಕ್ಷಿಸಬೇಡಿ, ಬೆಂಕಿ ಹತ್ತುವ ವಸ್ತುಗಳು.

ಗುಜರಿ ತುಂಡಿನ ಒಂದು ಚೌಕದಲ್ಲಿ ಚಾಕುವಿನಿಂದ ಲೋಹ ಕಾಣುವವರೆಗೆ ಅಡ್ಡಗೀರು ಹಾಕಿ. ಬ್ಲೀಚ್ ಮತ್ತು ಆಮ್ಲದ ಕ್ಲೀನರ್‌ಗಳ ಅಸಲಿ ಬಣ್ಣ ತಿಳಿಯುವುದು ಇಲ್ಲಿ. ಗಟ್ಟಿ ಕ್ಲಿಯರ್‌ಕೋಟ್ ಮೇಲೆ ಐದು ನಿಮಿಷ ಏನೂ ಮಾಡದ ಟಾಯ್ಲೆಟ್ ಕ್ಲೀನರ್, ಕಲ್ಲು ಸಿಡಿದು ಪೇಂಟ್ ಎದ್ದ ಚುಕ್ಕೆಯಲ್ಲಿ ಒಂದೇ ರಾತ್ರಿಗೆ ತುಕ್ಕು ಹಿಡಿಸುತ್ತದೆ. ನಿಜವಾದ ಕಾರಿನ ಮೇಲೆ ಅಂಥ ಚುಕ್ಕೆಗಳು ಇದ್ದೇ ಇರುತ್ತವೆ.

ಎಚ್ಚರಿಕೆ ಒಂದಿದೆ, ಇದರಲ್ಲಿ ರಿಯಾಯಿತಿ ಇಲ್ಲ. ಬ್ಲೀಚ್ ಹಾಕಿದ ತುಂಡಿನ ಮೇಲೆ ಅದೇ ದಿನ ಆಮ್ಲವನ್ನಾಗಲಿ ಅಮೋನಿಯವನ್ನಾಗಲಿ ಪರೀಕ್ಷಿಸಬೇಡಿ. ಆಮ್ಲ ಸೇರಿದರೆ ಕ್ಲೋರಿನ್ ಅನಿಲ, ಅಮೋನಿಯ ಸೇರಿದರೆ ಕ್ಲೋರಮೈನ್. ಎರಡೂ ಶ್ವಾಸಕೋಶಕ್ಕೆ ವಿಷ. ಬೇರೆ ತುಂಡು, ಬೇರೆ ಬಟ್ಟೆ, ಬಯಲು ಜಾಗ, ಕೈಗವಸು, ಕನ್ನಡಕ.

ಉಜ್ಜುವ ಪರೀಕ್ಷೆ ಬೇರೆಯೇ ಇರಲಿ

ಕ್ಲೀನರ್ ಹಾಳುಮಾಡಿತು ಎಂಬ ದೂರುಗಳಲ್ಲಿ ದೊಡ್ಡ ಪಾಲು ನಿಜವಾಗಿ ಬಟ್ಟೆ ಮತ್ತು ಧೂಳಿನ ಕೆಲಸ. ಇದನ್ನು ಬಿಡಿಸಲು ಹೀಗೆ ಮಾಡಿ. ಮರದ ಪುಟ್ಟ ತುಂಡಿಗೆ ಮೈಕ್ರೊಫೈಬರ್ ಬಟ್ಟೆ ಸುತ್ತಿ, ಮೇಲೆ ಅರ್ಧ ಕಿಲೊ ತೂಕ ಇಟ್ಟು, ನೀರಿನಲ್ಲಿ ನೆನೆಸಿ ಒಂದು ಪಟ್ಟಿಯ ಮೇಲೆ 20 ಸಲ ಹಿಂದೆ ಮುಂದೆ ಎಳೆಯಿರಿ. ಹೊಸ ಬಟ್ಟೆ ಸುತ್ತಿ, ಕ್ಲೀನರ್‌ನಲ್ಲಿ ನೆನೆಸಿ ಪಕ್ಕದ ಪಟ್ಟಿಯಲ್ಲಿ ಅಷ್ಟೇ ಸಲ. ಕತ್ತಲ ಕೋಣೆಯಲ್ಲಿ ಎಲ್‌ಇಡಿ ಟಾರ್ಚ್ ಹಿಡಿದು ನೋಡಿ. ಎರಡೂ ಪಟ್ಟಿಯಲ್ಲಿ ಗೀರು ಒಂದೇ ಥರ ಇದ್ದರೆ ತಪ್ಪು ಬಟ್ಟೆಯದು. ಕ್ಲೀನರ್ ಪಟ್ಟಿಯಲ್ಲಿ ಹೆಚ್ಚಿದ್ದರೆ ಅದರಲ್ಲಿ ಕರಗದ ಕಣ ಇದೆ, ಇಲ್ಲವೇ ಅದು ಪೇಂಟನ್ನು ಮೆತ್ತಗೆ ಮಾಡುತ್ತಿದೆ. ಕ್ಲೀನರ್ ಪಟ್ಟಿಯಲ್ಲೇ ಕಡಿಮೆ ಗೀರು ಬಂದರೆ ಆಶ್ಚರ್ಯ ಬೇಡ; ಸೋಪಿನ ಜಾರುವಿಕೆ ಬರೀ ನೀರಿಗಿಂತ ಹೆಚ್ಚು.

ಕಂಡದ್ದನ್ನು ಅರ್ಥ ಮಾಡಿಕೊಳ್ಳುವುದು

ಸಮಯ ಮುಗಿದ ತಕ್ಷಣ ಪ್ರತಿ ಚೌಕವನ್ನು ಹರಿಯುವ ನೀರಿನಲ್ಲಿ ಒಂದು ನಿಮಿಷ ತೊಳೆದು, ಉಜ್ಜದೆ ಒತ್ತಿ ಒರೆಸಿ. ನೋಡುವುದು ಮೂರು ಸಲ: ಆಗಲೇ ಒಮ್ಮೆ, ಒಂದು ಗಂಟೆ ಬಿಟ್ಟು, ಮಾರನೆಯ ದಿನ. ತೊಳೆದ ಕೂಡಲೇ ಕಾಣುವ ಬಿಳಿ ಮಸುಕು ಬಹಳ ಸಲ ಪೇಂಟಿನೊಳಗೆ ಸೇರಿದ ತೇವ ಅಥವಾ ದ್ರಾವಕ. ಮಾರನೆಯ ದಿನಕ್ಕೆ ಅದು ಮಾಯವಾದರೆ ಪೇಂಟ್ ಉಬ್ಬಿ ಮತ್ತೆ ತನ್ನ ಸ್ಥಿತಿಗೆ ಬಂದಿದೆ. ಅದು ಶಾಶ್ವತ ಹಾನಿಯಲ್ಲ, ಆದರೆ ಆ ಹೊತ್ತಿನಲ್ಲಿ ಉಜ್ಜಿದ್ದರೆ ಗೀರು ಬೀಳುತ್ತಿತ್ತು. ಉಗುರು ಪರೀಕ್ಷೆ ಇದನ್ನೇ ತೋರಿಸುತ್ತದೆ. ಗುಜರಿ ತುಂಡಿನ ಮೇಲೆ ನೀರಿನ ಚೌಕದಲ್ಲೂ ಕ್ಲೀನರ್ ಚೌಕದಲ್ಲೂ ಉಗುರು ಒತ್ತಿ, ಎಲ್ಲಿ ಗುರುತು ಆಳವಾಗಿ ಕೂರುತ್ತದೆ ಎಂದು ನೋಡಿ.

ಇನ್ನೂ ನಿಖರ ಬೇಕೆಂದರೆ 6ಬಿಯಿಂದ (ಬಹಳ ಮೆತ್ತಗಿನದು) 6ಎಚ್‌ವರೆಗಿನ (ಬಹಳ ಗಟ್ಟಿಯದು) ಡ್ರಾಯಿಂಗ್ ಪೆನ್ಸಿಲ್‌ಗಳು. ಸೀಸದ ತುದಿಯನ್ನು ಉಜ್ಜುಕಾಗದಕ್ಕೆ ನೆಟ್ಟಗೆ ಹಿಡಿದು ಸಪಾಟು ಮಾಡಿ, 45 ಡಿಗ್ರಿ ಕೋನದಲ್ಲಿ ಒತ್ತಿ ಮುಂದಕ್ಕೆ ತಳ್ಳಿ. ನೀರಿನ ಚೌಕದಲ್ಲಿ ಎಚ್‌ವರೆಗೆ ಗೀರಿಲ್ಲ, ಕ್ಲೀನರ್ ಚೌಕದಲ್ಲಿ ಬಿಗೇ ಗೀರು ಎಂದಾದರೆ ಪೇಂಟ್ ಮೆತ್ತಗಾದದ್ದು ಖಚಿತ. ಅಂಕಿಗಿಂತ ಎರಡರ ನಡುವಿನ ವ್ಯತ್ಯಾಸ ಮುಖ್ಯ.

ಹೊಳಪು ಅಳೆಯುವ ಉಪಕರಣ ಇಲ್ಲದವರು ಅಚ್ಚಾದ ಹಾಳೆಯೊಂದನ್ನು ಪೇಂಟ್ ಎದುರು ನೆಟ್ಟಗೆ ನಿಲ್ಲಿಸಿ, ಪ್ರತಿಬಿಂಬದಲ್ಲಿ ಅಕ್ಷರ ಎಷ್ಟು ದೂರದವರೆಗೆ ಓದಲು ಬರುತ್ತದೆ ಎಂದು ನೋಡಬಹುದು. ಮಸುಕಾದ ಚೌಕದಲ್ಲಿ ಅಕ್ಷರದ ಅಂಚು ಮೊದಲು ಕರಗುತ್ತದೆ. ಪೇಂಟ್ ದಪ್ಪ ಅಳೆಯುವ ಗೇಜ್ ಇಲ್ಲಿ ನಿರುಪಯೋಗಿ. ಅದರ ತಪ್ಪಿನ ಅಂತರವೇ ಕೆಲವು ಮೈಕ್ರಾನ್. ಕಣ್ಣಿಗೆ ಢಾಳಾಗಿ ಕಾಣುವ ಕಲೆಯ ಆಳ ಅದಕ್ಕಿಂತ ಕಡಿಮೆ ಇರಬಹುದು. ಪರೀಕ್ಷೆಗೆ ಮುಂಚೆ, ಆ ತುಂಡಿಗೆ ಮತ್ತೆ ಪೇಂಟ್ ಮಾಡಿಸಿದ್ದಾರೆಯೇ ಎಂದು ನೋಡಲು ಮಾತ್ರ ಅದು ಬೇಕು.

ಮಾರನೆಯ ದಿನವೂ ಗುರುತು ಉಳಿದಿದ್ದರೆ ಕ್ರಮವಾಗಿ ಹೋಗಿ. ಶಾಂಪೂ ಹಾಕಿ ತೊಳೆದಾಗ ಹೋದರೆ ಅದು ಬರೀ ಉಳಿಕೆ. ನಯವಾದ ಪಾಲಿಶ್‌ಗೆ ಹೋದರೆ ಒಂದೆರಡು ಮೈಕ್ರಾನ್ ಆಳದ ಸವೆತ. ಪಾಲಿಶ್‌ಗೂ ಜಗ್ಗದೆ, ಬೆರಳಿಗೆ ಅಂಚು ತಾಗುವಂತಿದ್ದರೆ ಗುಳಿ ಬಿದ್ದಿದೆ. ಪಾಲಿಶ್ ಮಾಡಿದರಾಯಿತಲ್ಲ ಎಂದು ಹಗುರವಾಗಿ ತೆಗೆದುಕೊಳ್ಳಬೇಡಿ. ಕ್ಲಿಯರ್‌ಕೋಟ್‌ನ ಪ್ರತಿ ಮೈಕ್ರಾನ್ ಜೊತೆಗೂ ಬಿಸಿಲು ತಡೆಯುವ ಅಂಶ ಹೋಗುತ್ತದೆ, ಅದು ಮರಳಿ ಬರುವುದಿಲ್ಲ.

ವ್ಯಾಕ್ಸ್ ವಿಷಯ ತಿಳಿಯಲು ತುಂಡಿನ ಇನ್ನೊಂದು ಭಾಗಕ್ಕೆ ಹಿಂದಿನ ದಿನವೇ ವ್ಯಾಕ್ಸ್ ಹಚ್ಚಿಟ್ಟು, ಕ್ಲೀನರ್ ಹಾಕಿ ತೊಳೆದ ನಂತರ ನೀರು ಚಿಮುಕಿಸಿ. ನೀರು ಗುಂಡಗೆ ಮಣಿಯಾಗಿ ನಿಂತರೆ ವ್ಯಾಕ್ಸ್ ಇದೆ, ಹಾಳೆಯಂತೆ ಹರಡಿದರೆ ಇಲ್ಲ. ಇಲ್ಲಿ ಒಂದು ಮೋಸವಿದೆ. ಸೋಪಿನ ತೆಳು ಪೊರೆ ಉಳಿದಿದ್ದರೂ ನೀರು ಹರಡುತ್ತದೆ. ಇನ್ನೆರಡು ಸಲ ಚೆನ್ನಾಗಿ ತೊಳೆದು, ಒಣಗಿಸಿ ಮತ್ತೆ ನೋಡಿದ ಮೇಲಷ್ಟೇ ವ್ಯಾಕ್ಸ್ ಹೋಯಿತೆನ್ನಿ.

ಪಿಎಚ್ ಪಟ್ಟಿ ಬಳಸುವವರಿಗೆ ಎರಡು ಮಾತು. ಬ್ಲೀಚ್‌ನಲ್ಲಿ ಅದ್ದಿದ ಪಟ್ಟಿ ಕ್ಷಣಕಾಲ ಬಣ್ಣ ತೋರಿಸಿ ಆಮೇಲೆ ಬೆಳ್ಳಗಾಗುತ್ತದೆ. ಮೊದಲ ಸೆಕೆಂಡಿನಲ್ಲೇ ಓದಬೇಕು. ಅಸಿಟೋನ್, ಸೀಮೆಎಣ್ಣೆಗೆ ಪಿಎಚ್ ಎಂಬುದೇ ಅನ್ವಯಿಸದು. ಪಟ್ಟಿ ಬಣ್ಣ ಬದಲಿಸಲಿಲ್ಲ ಎಂದು ಅಸಿಟೋನ್ ಸೌಮ್ಯವಾಗುವುದಿಲ್ಲ.

ಯಾವುದು ಹೇಗೆ

ಪಾತ್ರೆ ತೊಳೆಯುವ ಲಿಕ್ವಿಡ್: 10 ಲೀಟರ್ ನೀರಿಗೆ 10ರಿಂದ 15 ಮಿಲಿ ಬೆರೆಸಿದರೆ ಗಟ್ಟಿಯಾದ ಕ್ಲಿಯರ್‌ಕೋಟ್‌ಗೆ ಏನೂ ಆಗದು. ಜಿಡ್ಡು ತೆಗೆಯಲೆಂದೇ ಮಾಡಿದ್ದರಿಂದ ವ್ಯಾಕ್ಸನ್ನು ತೆಳುವಾಗಿಸುತ್ತದೆ. ಕಾರ್ ಶಾಂಪೂಗಿರುವಷ್ಟು ಜಾರುವಿಕೆಯೂ ಇಲ್ಲ. ಹೊಸ ವ್ಯಾಕ್ಸ್ ಹಚ್ಚುವ ಮುಂಚೆ ಹಳೆಯ ಜಿಡ್ಡು ತೆಗೆಯಲು ಇದೇ ಸರಿ. ವಾರವಾರದ ತೊಳೆತಕ್ಕೆ ಬೇಡ. ಗಟ್ಟಿತನ ಬರಲೆಂದು ಇಂಥ ಹಲವು ಲಿಕ್ವಿಡ್‌ಗಳಿಗೆ ಉಪ್ಪು ಸೇರಿಸಿರುತ್ತಾರೆ, ಆದ್ದರಿಂದ ಸಂದುಗಳಲ್ಲಿ ನೊರೆ ಉಳಿಯದಂತೆ ತೊಳೆಯಬೇಕು. ಸೌಮ್ಯವಾದ ತಲೆ ಶಾಂಪೂ ಕೂಡ ಇದೇ ಸಾಲಿನದು, ಕಂಡೀಷನರ್ ಬೆರೆತದ್ದು ಮಾತ್ರ ಜಿಡ್ಡು ಪೊರೆ ಬಿಡುತ್ತದೆ.

ಬಟ್ಟೆ ಪುಡಿ ಇದರ ಅಣ್ಣನಂತೆ ಕಂಡರೂ ಬೇರೆಯೇ ಜಾತಿ. ವಾಷಿಂಗ್ ಸೋಡಾದಿಂದ ಕ್ಷಾರ ಹೆಚ್ಚು, ಕರಗದ ಹರಳು ಗೀರು ಹಾಕುತ್ತದೆ, ಜಿಯೊಲೈಟ್ ಎಂಬ ಖನಿಜ ಇರುವ ಪುಡಿಯಲ್ಲಿ ಆ ಅಂಶ ಎಂದೂ ಕರಗುವುದಿಲ್ಲ. ತೆರೆದ ಚೌಕದಲ್ಲಿ ಬಿಳಿ ಉಂಗುರ ಬಿಡುವುದರಲ್ಲಿ ಇದನ್ನು ಮೀರಿಸುವುದು ಕಡಿಮೆ. ಕಾರಿಗೆ ಬೇಡ.

ಅಡುಗೆ ಸೋಡಾ ಪಿಎಚ್ ಸುಮಾರು 8.3, ರಾಸಾಯನಿಕವಾಗಿ ನಿರುಪದ್ರವಿ. ತೊಂದರೆ ಬರುವುದು ಪೇಸ್ಟ್ ಮಾಡಿ ಉಜ್ಜಿದಾಗ. 100 ಮಿಲಿ ನೀರಿನಲ್ಲಿ ಕರಗುವುದು 9 ಗ್ರಾಂ ಆಸುಪಾಸು, ಸುಮಾರು ಎರಡು ಟೀ ಚಮಚದಷ್ಟು. ಅದಕ್ಕಿಂತ ಹೆಚ್ಚಾದದ್ದೆಲ್ಲ ಹರಳಾಗಿ ಉಳಿದು ಉಜ್ಜುಪುಡಿಯ ಕೆಲಸ ಮಾಡುತ್ತದೆ. ಪೂರ್ತಿ ಕರಗಿಸಿ, ಬಟ್ಟೆಯಲ್ಲಿ ಸೋಸಿ ಬಳಸಿದರೆ ಆಮ್ಲದ ಉಳಿಕೆ ತೊಳೆಯಲು ಒಳ್ಳೆಯದು.

ವಿನೆಗರ್: 5 ಪ್ರತಿಶತದ್ದಕ್ಕೆ ಅಷ್ಟೇ ನೀರು ಬೆರೆಸಿ, ನೆರಳಿನಲ್ಲಿ, ತಣ್ಣಗಿರುವ ಪೇಂಟ್ ಮೇಲೆ ಒಂದೆರಡು ನಿಮಿಷ. ಗಡಸು ನೀರಿನ ಬಿಳಿ ಚುಕ್ಕೆಗೆ ಇದಕ್ಕಿಂತ ಸರಳ ದಾರಿ ಮನೆಯಲ್ಲಿಲ್ಲ. ನಿಂಬೆರಸ ಬೇಡ, ಕಾರಣ ಆಗಲೇ ಹೇಳಿದ್ದಾಯಿತು.

ಗಾಜಿನ ಕ್ಲೀನರ್ ಪೇಂಟ್ ಮೇಲೆ ಒಮ್ಮೆ ಒರೆಸಿದರೆ ಹಾನಿಯಿಲ್ಲ. ಅದರಲ್ಲಿ ಅಮೋನಿಯ ಇದ್ದರೂ ಬೇಗ ಆವಿಯಾಗುತ್ತದೆ. ಧೂಳಿದ್ದ ಜಾಗದಲ್ಲಿ ಇದರಿಂದ ಒರೆಸುವುದೇ ತಪ್ಪು, ಜಾರುವಿಕೆ ಇಲ್ಲದೆ ಧೂಳೇ ಗೀರುತ್ತದೆ. ಅಮೋನಿಯ ಇದ್ದದ್ದನ್ನು ಕಿಟಕಿಯ ಟಿಂಟ್ ಫಿಲ್ಮ್‌ಗೂ ತಾಗಿಸಬೇಡಿ.

ಐಸೊಪ್ರೊಪೈಲ್ ಆಲ್ಕೋಹಾಲ್ 10–15 ಪ್ರತಿಶತಕ್ಕೆ ಇಳಿಸಿದರೆ ಪೇಂಟ್ ಕೆಲಸದವರ ಒರೆಸುನೀರು. 70 ಪ್ರತಿಶತದ್ದು ಮರದಿಂದ ಬಿದ್ದ ಅಂಟಿನಂಥ ಕಲೆಯ ಸಣ್ಣ ಜಾಗಕ್ಕೆ, ಅರ್ಧ ನಿಮಿಷಕ್ಕೆ ಮಾತ್ರ. ಅದೇ ಆಲ್ಕೋಹಾಲ್ ಸ್ಯಾನಿಟೈಸರ್ ಜೆಲ್ ಆದಾಗ ಹರಿದು ಹೋಗದೆ ಒಂದೇ ಕಡೆ ನಿಂತು ಹೆಚ್ಚು ಹೊತ್ತು ಕೆಲಸ ಮಾಡುತ್ತದೆ. ಅಂದಹಾಗೆ, ಕ್ಲೀನರ್ ಅಲ್ಲದ ಸೊಳ್ಳೆ ನಿವಾರಕ ಕ್ರೀಮ್‌ನ ಡೀಟ್ ಎಂಬ ಅಂಶ ಪ್ಲಾಸ್ಟಿಕ್ಕನ್ನೂ ಪೇಂಟನ್ನೂ ಕರಗಿಸಬಲ್ಲದು. ಬಾಗಿಲ ಹಿಡಿಕೆಯ ಸುತ್ತ ಬೆರಳಿನಾಕಾರದ ಮಸುಕು ಕಂಡರೆ ಸೋಪನ್ನು ಅನುಮಾನಿಸುವ ಮುಂಚೆ ಕೈಗೆ ಏನು ಹಚ್ಚಿದ್ದಿರಿ ಎಂದು ನೆನಪಿಸಿಕೊಳ್ಳಿ.

ಸೀಮೆಎಣ್ಣೆ ಗಟ್ಟಿಯಾದ ಪೇಂಟ್ ಮೇಲೆ ಡಾಂಬರು ಚುಕ್ಕೆಗೆ ನಡೆಯುತ್ತದೆ. ಎಣ್ಣೆಯ ಪೊರೆ ಬಿಡುತ್ತದೆ, ರಬ್ಬರ್ ಉಬ್ಬಿಸುತ್ತದೆ. ಪೈನ್ ಎಣ್ಣೆಯ ಬಿಳಿ ಫಿನೈಲ್ ಅಂಟು ಪೊರೆ ಬಿಡುವುದರಿಂದ ನೆಲಕ್ಕಷ್ಟೇ ಇರಲಿ.

ಇನ್ನು ದೂರವೇ ಇಡಬೇಕಾದವು. ಅಸಿಟೋನ್ ಅಥವಾ ಉಗುರುಬಣ್ಣ ತೆಗೆಯುವ ದ್ರವ. ಸೋಡಿಯಂ ಹೈಡ್ರಾಕ್ಸೈಡ್ ಇರುವ ಓವನ್ ಕ್ಲೀನರ್, ಚರಂಡಿ ಕ್ಲೀನರ್: ಪಿಎಚ್ 13ರ ಮೇಲೆ, ಬಿಸಿ ತಗಡಿನಲ್ಲಿ ಹೊಳಪನ್ನೇ ಕೊಲ್ಲುತ್ತವೆ, ಅಲ್ಯೂಮಿನಿಯಂ ಪಟ್ಟಿಯನ್ನಂತೂ ನೊರೆ ಬರಿಸಿ ತಿನ್ನುತ್ತವೆ. ಬ್ಲೀಚ್ ಆರಿದಾಗ ಉಪ್ಪು ಮತ್ತು ಕ್ಷಾರ ಬಿಟ್ಟುಹೋಗುತ್ತದೆ. ಹಲವು ಟಾಯ್ಲೆಟ್ ಕ್ಲೀನರ್‌ಗಳಲ್ಲಿರುವ ಹೈಡ್ರೋಕ್ಲೋರಿಕ್ ಆಮ್ಲ ಕ್ರೋಮ್ ಮೇಲೆ ಗುಳಿ ಹಾಕುತ್ತದೆ. ಜೆಲ್ ಆಗಿರುವುದರಿಂದ ಜಾರಿ ಹೋಗುವುದೂ ಇಲ್ಲ. ಟೂತ್‌ಪೇಸ್ಟ್, ಪಾತ್ರೆ ಉಜ್ಜುವ ಪುಡಿ, ಕಲೆ ಅಳಿಸುವ ಬಿಳಿ ಮೆಲಮೈನ್ ಸ್ಪಂಜು ಇವುಗಳದು ರಾಸಾಯನಿಕ ಹಾನಿಯಲ್ಲ, ಬರೀ ಉಜ್ಜುವಿಕೆ. ಹನಿ ಪರೀಕ್ಷೆಯಲ್ಲಿ ಸಲೀಸಾಗಿ ಪಾಸಾಗಿ ಉಜ್ಜುವ ಪರೀಕ್ಷೆಯಲ್ಲಿ ಮೊದಲ ಎಳೆತಕ್ಕೇ ಫೇಲಾಗುತ್ತವೆ.

ಕೊಳೆಗೆ ತಕ್ಕ ಆಯ್ಕೆ

ಹಕ್ಕಿ ಹಿಕ್ಕೆಗೆ ಕ್ಲೀನರ್‌ಗಿಂತ ನೀರು ಮುಖ್ಯ. ಒದ್ದೆ ಬಟ್ಟೆ ಹೊದಿಸಿ ಐದರಿಂದ ಹತ್ತು ನಿಮಿಷ ಬಿಟ್ಟು, ಮೆತ್ತಗಾದ ಮೇಲೆ ಎತ್ತಿ ತೆಗೆಯಿರಿ, ಎಳೆದು ಒರೆಸಬೇಡಿ. ಅದರಲ್ಲಿ ಮರಳಿನ ಕಣವಿರುತ್ತದೆ. ಒಣಗಿದ ಹುಳುಗಳಿಗೆ ಪಾತ್ರೆ ಲಿಕ್ವಿಡ್ ಬೆರೆಸಿದ ನೀರಿನ ಬಟ್ಟೆ, ಐದು ನಿಮಿಷ. ಡಾಂಬರಿಗೆ ಸೀಮೆಎಣ್ಣೆ ತೊಟ್ಟಿಕ್ಕಿಸಿದ ಬಟ್ಟೆಯನ್ನು ಒಂದು ನಿಮಿಷ ಒತ್ತಿ ಹಿಡಿದು ಒರೆಸಿ, ಆಮೇಲೆ ಸೋಪುನೀರು, ಆಮೇಲೆ ಆ ಜಾಗಕ್ಕೆ ವ್ಯಾಕ್ಸ್. ಗಡಸು ನೀರಿನ ಚುಕ್ಕೆಗೆ ವಿನೆಗರ್ ಹಚ್ಚಿ ತೊಳೆದು, ಸೋಸಿದ ಸೋಡಾ ನೀರಿನಿಂದ ಒಮ್ಮೆ ಒರೆಸಿ ಮತ್ತೆ ತೊಳೆಯಿರಿ. ಎರಡು ಸಲಕ್ಕೂ ಹೋಗದಿದ್ದರೆ ಮೂರನೆಯ ಸಲ ಹಚ್ಚಬೇಡಿ. ಅದು ಸುಣ್ಣದ ಚುಕ್ಕೆಯಾಗಿ ಉಳಿದಿಲ್ಲ, ಪೇಂಟಿನಲ್ಲಿ ಗುಳಿಯಾಗಿದೆ. ಹೆಚ್ಚು ಆಮ್ಲ ಹಾಕಿದರೆ ಗುಳಿ ಇನ್ನೂ ಅಗಲವಾದೀತು.

ಹೊಳಪಿಲ್ಲದ ಮ್ಯಾಟ್ ಪೇಂಟ್ ಇರುವವರಿಗೆ ಮೇಲಿನ ಅರ್ಧ ಸಲಹೆ ಲಾಗೂ ಆಗದು. ಅಲ್ಲಿ ಪಾಲಿಶ್ ಮಾಡಿ ಗುರುತು ತೆಗೆಯುವ ದಾರಿಯೇ ಇಲ್ಲ, ಪಾಲಿಶ್ ಮಾಡಿದ ಜಾಗ ಹೊಳೆಯುವ ತೇಪೆಯಾಗುತ್ತದೆ. ಸ್ವಂತ ಕಾರಿನ ಮೇಲೆ ಹನಿ ಪರೀಕ್ಷೆ ಮಾಡುವ ಆಸೆಯನ್ನೂ ಅವರು ಬಿಡಬೇಕು.

ಈಗಿನ ಕಾರುಗಳ ಹೆಡ್‌ಲೈಟ್‌ನ ಪಾರದರ್ಶಕ ಮುಚ್ಚಳ ಪಾಲಿಕಾರ್ಬನೇಟ್ ಎಂಬ ಪ್ಲಾಸ್ಟಿಕ್, ಗಾಜಲ್ಲ. ಅಸಿಟೋನ್, ಅಮೋನಿಯ, ಪ್ರಬಲ ಕ್ಷಾರ ತಾಗಿದರೆ ಕೂದಲೆಳೆಯಂಥ ಬಿರುಕುಗಳು ಅಂದೇ ಅಲ್ಲದಿದ್ದರೂ ಕೆಲವು ದಿನಗಳಲ್ಲಿ ಮೂಡುತ್ತವೆ, ಮೊದಲು ಸ್ಕ್ರೂ ಮತ್ತು ಕ್ಲಿಪ್‌ಗಳ ಸುತ್ತ, ಅಲ್ಲಿ ಪ್ಲಾಸ್ಟಿಕ್ ಬಿಗಿದುಕೊಂಡಿರುತ್ತದೆ. ಪೇಂಟಿನಲ್ಲಿ ಪಾಸಾದ ಕ್ಲೀನರ್ ಇಲ್ಲಿಗೂ ಆದೀತೆಂದು ಲೆಕ್ಕ ಹಾಕಬೇಡಿ. ಬಾನೆಟ್ ಮೇಲೆ ಏನನ್ನಾದರೂ ಸಿಂಪಡಿಸುವ ಮುಂಚೆ ಹೆಡ್‌ಲೈಟ್‌ಗೆ ಒದ್ದೆ ಬಟ್ಟೆ ಮುಚ್ಚಿ, ಕೆಲಸ ಮುಗಿದ ಮೇಲೆ ಅದರ ಅಂಚಿನ ಸಂದಿಗೆ ನೀರು ಹಾಯಿಸಿ.